ನೆರೆಹೊರೆಯ ರಾಯಭಾರ: ಆಫ್ಘಾನಿಸ್ತಾನ ಮತ್ತು ಪಾಕಿಸ್ತಾನ

‘ಇಂಥ ದೇಶವು ಇಂಥ ದೇಶದೊಡನೆ ರಾಯಭಾರ ಸಂಬಂಧವನ್ನು ಕಡಿದುಕೊಂಡಿತು’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ದಿನದ ಕೆಲಸ ಮುಗಿಸಿ ವಾಚನಾಲಯಕ್ಕೆ ಬಂದು ಪತ್ರಿಕೆ ಹಿಡಿದ ನಾವು ಅದನ್ನೊಮ್ಮೆ ಓದಿ ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಸಂಬಂಧ ಕಡಿದುಕೊಳ್ಳುವುದೆಂದರೆ ಏನು? ಕಡಿದುಕೊಂಡ ಮರುದಿನ ಯಾರ ಮನೆಯಲ್ಲಿ ಏನು ವ್ಯತ್ಯಾಸವಾಗುತ್ತದೆ? ಮುರಿದದ್ದನ್ನು ಜೋಡಿಸುವವರು ಯಾರು? ಇವು ಕೇಳತಕ್ಕ ಪ್ರಶ್ನೆಗಳು. ಒಂದು ನಿಜವಾದ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಅದಕ್ಕಾಗಿ ನಾವು ಆಫ್ಘಾನಿಸ್ತಾನ ಮತ್ತು ಪಾಕಿಸ್ತಾನಗಳನ್ನು ಆರಿಸಿಕೊಂಡಿದ್ದೇವೆ.

ಈ ಎರಡು ದೇಶಗಳು ನಮಗೆ ತೀರ ಅಪರಿಚಿತವಲ್ಲ. ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗಿನ ಮೂಲವಸ್ತು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅದು ಬಹುಮಟ್ಟಿಗೆ ಬರುವುದು ಆಫ್ಘಾನಿಸ್ತಾನ, ಇರಾನ್ ಮತ್ತು ಮಧ್ಯ ಏಷ್ಯದ ಬೆಟ್ಟಗಾಡುಗಳಿಂದ. ಅಂಜೂರ, ಒಣದ್ರಾಕ್ಷಿ, ಬಾದಾಮಿಗಳೂ ಅಲ್ಲಿಂದ ಬರುವುದುಂಟು. ಮುಂಬಯಿಯ ಗಿರಣಿ ಕೆಲಸಗಾರರಿಗೆ ಒಂದು ಕಾಲದಲ್ಲಿ ಹೆಚ್ಚಿನ ಬಡ್ಡಿಗೆ ಸಾಲ ಕೊಡುತ್ತಿದ್ದ ಪಠಾಣರ ಹೆಸರನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಿಮೆ.

ಇನ್ನೊಂದು ಕಾರಣವೂ ಉಂಟು. ಮುಸಲ್ಮಾನರೇ ಬಹುಸಂಖ್ಯಾತರಾಗಿರುವ ದೇಶಗಳೆಲ್ಲ ಒಂದೇ ಮನಸ್ಸಿನವು, ಒಂದು ಕರೆದರೆ ಇನ್ನೊಂದು ಓಡಿಬರುವುದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಈ ಎರಡೂ ದೇಶಗಳಲ್ಲಿ ಮುಸಲ್ಮಾನರೇ ಬಹುಸಂಖ್ಯಾತರು. ಎರಡರಲ್ಲಿಯೂ ಸುನ್ನಿ ಪಂಥದವರು ಹೆಚ್ಚು. ಪಷ್ತೋ ಭಾಷೆಯನ್ನಾಡುವ ಜನ ಗಡಿಯ ಈಚೆಗೂ ಆಚೆಗೂ ಇದ್ದಾರೆ. ಆದರೂ 1947ರಿಂದ ಇವರ ನಡುವೆ ನೆಮ್ಮದಿಯ ವರ್ಷಗಳು ಸ್ವಲ್ಪ. ಏಕೆ ಹೀಗಾಯಿತೆಂಬುದನ್ನು ತಿಳಿದರೆ ಲೋಕವ್ಯವಹಾರದ ಒಂದು ದೊಡ್ಡ ಪಾಠ ನಮ್ಮದಾಗುತ್ತದೆ.

ರಾಯಭಾರವೆಂದರೇನು?

ಮೊದಲು ನಾಲ್ಕು ಮಾತುಗಳ ಅರ್ಥವನ್ನು ಬಿಡಿಸಿಕೊಳ್ಳೋಣ.

ಒಂದು, ಮನ್ನಣೆ. ಒಂದು ಸರಕಾರವು ಇನ್ನೊಂದನ್ನು ‘ನೀನು ಆ ದೇಶದ ನ್ಯಾಯವಾದ ಸರಕಾರ’ ಎಂದು ಒಪ್ಪುವುದೇ ಮನ್ನಣೆ.

ಎರಡು, ದೂತಾವಾಸ. ಮನ್ನಣೆಯಿತ್ತ ದೇಶದ ರಾಜಧಾನಿಯಲ್ಲಿ ನಮ್ಮ ರಾಯಭಾರಿ ಇರುವ ಕಚೇರಿ ಇದು. ಎರಡು ಸರಕಾರಗಳ ನಡುವಣ ಮಾತುಕತೆಯೆಲ್ಲ ಇಲ್ಲಿಂದ ನಡೆಯುತ್ತದೆ. ರಾಯಭಾರಿ ಇಲ್ಲದ ಸಮಯದಲ್ಲಿ, ಅಥವಾ ಸಂಬಂಧ ಅಷ್ಟು ಚೆನ್ನಾಗಿಲ್ಲದಾಗ, ಅವನಿಗಿಂತ ಕೆಳಗಿನ ದರ್ಜೆಯ ಹಂಗಾಮಿ ಅಧಿಕಾರಿಯೊಬ್ಬನು ಕಚೇರಿಯನ್ನು ನಡೆಸುತ್ತಾನೆ.

ಮೂರು, ಕಾನ್ಸಲೇಟು. ಇದು ರಾಜಧಾನಿಯ ಹೊರಗಿನ ಊರುಗಳಲ್ಲಿರುವ ಸಣ್ಣ ಕಚೇರಿ. ವ್ಯಾಪಾರಿಗಳ ಕಾಗದಪತ್ರ, ಪ್ರಯಾಣಿಕರ ವೀಸಾ, ಪರದೇಶದಲ್ಲಿ ತೊಂದರೆಗೆ ಸಿಕ್ಕಿದ ತನ್ನ ದೇಶದವರಿಗೆ ಸಹಾಯ, ಇವು ಇದರ ಕೆಲಸ. ದುಡಿಯಲು ಪರದೇಶಕ್ಕೆ ಹೋದ ಬಡವನಿಗೆ ರಾಯಭಾರಿಯ ಮುಖ ಕಾಣುವ ಪ್ರಸಂಗ ಬಾರದು. ಕಾನ್ಸಲೇಟಿನ ಬಾಗಿಲು ತಟ್ಟುವ ಪ್ರಸಂಗ ಬಂದೇ ಬರುತ್ತದೆ.

ನಾಲ್ಕು, ಸಂಬಂಧ ಕಡಿಯುವುದು. ಎಂದರೆ ದೂತಾವಾಸದ ಬಾಗಿಲು ಹಾಕಿ ಸಿಬ್ಬಂದಿಯನ್ನು ಮನೆಗೆ ಕರೆಸಿಕೊಳ್ಳುವುದು. ಇದು ಯುದ್ಧವಲ್ಲ. ಆದರೆ ಎದುರುಬದುರು ಕುಳಿತು ಮಾತನಾಡುವ ದಾರಿ ಮುಚ್ಚಿಹೋಗುತ್ತದೆ. ಆಗ ಮೂರನೆಯ ದೇಶವೊಂದು ಸಂದೇಶಗಳನ್ನು ಒಯ್ದು ತರಬೇಕಾಗುತ್ತದೆ.

ದೂತನನ್ನು ಕೊಲ್ಲಬಾರದೆಂಬ ನೀತಿ ನಮ್ಮ ಪುರಾಣಗಳಷ್ಟು ಹಳೆಯದು. ಅದನ್ನೇ 1961ರ ಏಪ್ರಿಲಿನಲ್ಲಿ ವಿಯೆನ್ನಾ ನಗರದಲ್ಲಿ ಸೇರಿದ ರಾಷ್ಟ್ರಗಳು ಒಪ್ಪಂದವಾಗಿ ಬರೆದವು. ಪರದೇಶದ ದೂತಾವಾಸದೊಳಕ್ಕೆ ಅಪ್ಪಣೆಯಿಲ್ಲದೆ ಪೊಲೀಸರೂ ಕಾಲಿಡಬಾರದು. ಅದನ್ನು ಜನರ ದಾಳಿಯಿಂದ ಕಾಪಾಡುವುದು ಆತಿಥೇಯ ಸರಕಾರದ ಹೊಣೆ ಎಂಬುದು ಅದರ ತಿರುಳು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬದುವಿನ ಜಗಳ

ದಾಯಾದಿಗಳ ಜಗಳ ಸಾಮಾನ್ಯವಾಗಿ ಹೊಲದ ಬದುವಿನಿಂದ ಹುಟ್ಟುತ್ತದೆ. ಇಲ್ಲಿಯೂ ಹಾಗೆಯೇ. ಆದರೆ ಬದು ಹಾಕಿದವನು ಇಬ್ಬರಲ್ಲಿ ಒಬ್ಬನೂ ಅಲ್ಲ.

1893ರ ನವೆಂಬರ್ 12ರಂದು ಕಾಬೂಲಿನಲ್ಲಿ ಒಂದು ಒಪ್ಪಂದವಾಯಿತು. ಒಂದು ಕಡೆ ಬ್ರಿಟಿಷ್ ಭಾರತ ಸರಕಾರದ ವಿದೇಶಾಂಗ ಕಾರ್ಯದರ್ಶಿ ಸರ್ ಮಾರ್ಟಿಮರ್ ಡ್ಯುರಾಂಡ್. ಇನ್ನೊಂದು ಕಡೆ ಆಫ್ಘಾನಿಸ್ತಾನದ ಅಮೀರ ಅಬ್ದುರ್ ರಹಮಾನ್ ಖಾನ್. ಯಾರ ಪ್ರಭಾವ ಎಲ್ಲಿಯವರೆಗೆ ಎಂಬುದಕ್ಕೆ ಬೆಟ್ಟಗಳ ಮೇಲೆ ಒಂದು ಗೆರೆ ಗೊತ್ತಾಯಿತು. ಅದೇ ಡ್ಯುರಾಂಡ್ ರೇಖೆ. ಉದ್ದ 2,600 ಕಿಲೋಮೀಟರಿಗೂ ಮೇಲೆ. ಅಮೀರನಿಗೆ ಬ್ರಿಟಿಷರು ಕೊಡುತ್ತಿದ್ದ ವಾರ್ಷಿಕ ಹಣವು 12 ಲಕ್ಷ ರೂಪಾಯಿಗಳಿಂದ 18 ಲಕ್ಷಕ್ಕೆ ಏರಿತು. ಗೆರೆಯು ಪಷ್ತೋ ಭಾಷೆಯ ಬುಡಕಟ್ಟುಗಳ ನಡುವೆ ಹಾಯಿತು. ಒಂದೇ ಕುಲದ ಅಣ್ಣ ಆ ಕಡೆ, ತಮ್ಮ ಈ ಕಡೆ ಎಂಬಂತಾಯಿತು.

1947ರಲ್ಲಿ ಬ್ರಿಟಿಷರು ಹೊರಟುಹೋದರು, ಗೆರೆ ಉಳಿಯಿತು. ಇಲ್ಲಿಂದ ಎರಡು ವಾದಗಳು. ‘ಈ ಗೆರೆ ನಮ್ಮ ಮೇಲೆ ಒತ್ತಾಯದಿಂದ ಹೇರಿದ್ದು; ಅದು ಪ್ರಭಾವದ ಎಲ್ಲೆಯೇ ಹೊರತು ದೇಶದ ಗಡಿಯಲ್ಲ; ಒಪ್ಪಂದ ಮಾಡಿಕೊಂಡವರೇ ಹೋದ ಮೇಲೆ ಅದಕ್ಕೇನು ಬೆಲೆ?’ ಎಂದಿತು ಆಫ್ಘಾನಿಸ್ತಾನ. ‘ಬ್ರಿಟಿಷರ ಹಕ್ಕುಗಳಿಗೆ ನಾವು ಉತ್ತರಾಧಿಕಾರಿಗಳು, 1919 ಮತ್ತು 1921ರ ಒಪ್ಪಂದಗಳಲ್ಲಿ ನೀವೇ ಗಡಿಯನ್ನು ಮತ್ತೆ ಒಪ್ಪಿದ್ದೀರಿ’ ಎಂದಿತು ಪಾಕಿಸ್ತಾನ. ಎರಡೂ ವಾದಗಳನ್ನು ತಕ್ಕಡಿಯಲ್ಲಿಟ್ಟು ನೋಡಿದರೆ ಕಾನೂನಿನ ತೂಕ ಪಾಕಿಸ್ತಾನದ ಕಡೆ ಹೆಚ್ಚೆಂದು ಹೊರಗಿನ ಬಹುಪಾಲು ರಾಷ್ಟ್ರಗಳು ಭಾವಿಸಿವೆ. ಆದರೆ ಮನೆ ಎರಡು ಪಾಲಾದವನ ನೋವನ್ನು ಕಾನೂನಿನ ಪುಸ್ತಕ ಅಳೆಯಲಾರದು.

ವಾಯವ್ಯ ಸರಹದ್ದು ಪ್ರಾಂತದಲ್ಲಿ 1947ರ ಜುಲೈಯಲ್ಲಿ ಜನಮತ ನಡೆಯಿತು. ಭಾರತವೋ ಪಾಕಿಸ್ತಾನವೋ ಎಂಬ ಎರಡೇ ಆಯ್ಕೆಗಳಿದ್ದವು. ಪಠಾಣರಿಗೆ ತಮ್ಮದೇ ರಾಜ್ಯ ಎಂಬ ಮೂರನೆಯ ಆಯ್ಕೆಯೂ ಇರಬೇಕೆಂದು ಕೇಳಿದ ಖಾನ್ ಅಬ್ದುಲ್ ಗಫಾರ್ ಖಾನರೂ ಅವರ ‘ಖುದಾಯಿ ಖಿದ್ಮತ್‌ಗಾರ’ ಸೇವಕರೂ ಮತದಾನವನ್ನು ಬಹಿಷ್ಕರಿಸಿದರು. ಪ್ರಾಂತವು ಪಾಕಿಸ್ತಾನಕ್ಕೆ ಸೇರಿತು. ಆ ಮೂರನೆಯ ಬೇಡಿಕೆಯನ್ನೇ ಕಾಬೂಲು ‘ಪಷ್ತೂನಿಸ್ತಾನ’ವೆಂಬ ಹೆಸರಿನಲ್ಲಿ ಎತ್ತಿಕೊಂಡಿತು.

ಒಂದೇ ಒಂದು ವಿರೋಧ ಮತ

1947ರ ಸೆಪ್ಟೆಂಬರ್ 30ರಂದು ವಿಶ್ವಸಂಸ್ಥೆಯಲ್ಲಿ ಪಾಕಿಸ್ತಾನವನ್ನು ಸದಸ್ಯನಾಗಿ ಸೇರಿಸಿಕೊಳ್ಳುವ ಪ್ರಶ್ನೆ ಬಂತು. ಬಿದ್ದ ವಿರೋಧ ಮತ ಒಂದೇ. ಅದು ಆಫ್ಘಾನಿಸ್ತಾನದ್ದು. ಹೊಸದಾಗಿ ಹುಟ್ಟಿದ ಮುಸ್ಲಿಂ ರಾಷ್ಟ್ರಕ್ಕೆ ‘ಬೇಡ’ ಎಂದದ್ದು ನೆರೆಯ ಮುಸ್ಲಿಂ ರಾಷ್ಟ್ರವೇ. ಮೂರು ವಾರಗಳೊಳಗೆ, ಅಕ್ಟೋಬರ್ 20ರಂದು, ಆಫ್ಘಾನಿಸ್ತಾನವು ಆ ಮತವನ್ನು ಹಿಂದಕ್ಕೆ ತೆಗೆದುಕೊಂಡಿತು. 1948ರಲ್ಲಿ ರಾಯಭಾರಿಗಳ ವಿನಿಮಯವೂ ಆಯಿತು. ಪಾಕಿಸ್ತಾನವು ಕಾಬೂಲಿಗೆ ಕಳುಹಿಸಿದ ರಾಯಭಾರಿ ಐ. ಐ. ಚುಂದ್ರಿಗರ್ ಅವರು ಹಿಂದೆ ಬೊಂಬಾಯಿ ಶಾಸನಸಭೆಯ ಸದಸ್ಯರಾಗಿದ್ದವರು. ಮುಂದೆ 1957ರಲ್ಲಿ ಕೆಲವು ವಾರ ಪಾಕಿಸ್ತಾನದ ಪ್ರಧಾನಿಯೂ ಆದರು.

ಆದರೆ ಬೀಗತನ ಬೆಳೆಯಲಿಲ್ಲ. 1949ರಲ್ಲಿ ಪಾಕಿಸ್ತಾನದ ವಿಮಾನವೊಂದು ಗಡಿಯಾಚೆಯ ಹಳ್ಳಿಯ ಮೇಲೆ ಬಾಂಬು ಹಾಕಿತು. ಅದೇ ವರ್ಷ ಜುಲೈಯಲ್ಲಿ ಕಾಬೂಲಿನಲ್ಲಿ ಕೂಡಿದ ಮಹಾಸಭೆ, ಎಂದರೆ ಲೋಯಾ ಜಿರ್ಗಾ, ಡ್ಯುರಾಂಡ್ ರೇಖೆಯ ಒಪ್ಪಂದಗಳು ತಮ್ಮನ್ನು ಕಟ್ಟಿಹಾಕಲಾರವೆಂದು ಸಾರಿತು.

ಧ್ವಜದ ಜಗಳ, 1955

ಪಶ್ಚಿಮ ಪಾಕಿಸ್ತಾನದ ಪ್ರಾಂತಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಘಟಕ ಮಾಡುವ ಯೋಜನೆಯನ್ನು ಪಾಕಿಸ್ತಾನವು ಹೊರಡಿಸಿತು. ಪಠಾಣರ ಪ್ರಾಂತ ಬೇರೆಯಾಗಿ ಉಳಿಯುವುದಿಲ್ಲವೆಂದು ಕಾಬೂಲು ಕೆರಳಿತು. ಅಲ್ಲಿನ ಪ್ರಧಾನಿ ಸರ್ದಾರ್ ದಾವೂದ್ ಖಾನ್ ರೇಡಿಯೋದಲ್ಲಿ ಖಂಡಿಸಿ ಮಾತನಾಡಿದರು. ಮರುದಿನ, 1955ರ ಮಾರ್ಚ್ 30ರಂದು, ಕಾಬೂಲಿನಲ್ಲಿ ಜನರ ಗುಂಪು ಪಾಕಿಸ್ತಾನದ ದೂತಾವಾಸಕ್ಕೆ ನುಗ್ಗಿ ಧ್ವಜವನ್ನು ಕೆಳಗೆಳೆಯಿತು. ಬೇರೆ ಊರಿನ ಕಾನ್ಸಲೇಟಿಗೂ ಅದೇ ಗತಿ ಬಂತು. ಅದಕ್ಕೆ ಪ್ರತಿಯಾಗಿ ಪೇಷಾವರದಲ್ಲಿ ಆಫ್ಘಾನರ ಕಾನ್ಸಲೇಟಿನ ಮೇಲೆ ದಾಳಿಯಾಯಿತು.

ಮುಂದೇನು? ಪಾಕಿಸ್ತಾನವು ಗಡಿಯಲ್ಲಿ ಸರಕು ಸಾಗಣೆಯನ್ನು ತಡೆಯಿತು. ಆಫ್ಘಾನಿಸ್ತಾನಕ್ಕೆ ಸಮುದ್ರವಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅದರ ಪರದೇಶ ವ್ಯಾಪಾರಕ್ಕೆ ಹತ್ತಿರದ ಬಾಗಿಲು ಕರಾಚಿ ಬಂದರು. ಅಲ್ಲಿಗೆ ಹೋಗುವ ಎರಡು ಕಿಂಡಿಗಳು ಖೈಬರ್ ಕಣಿವೆಯ ತೋರ್ಖಮ್ ಮತ್ತು ಕಂದಹಾರದ ದಾರಿಯಲ್ಲಿರುವ ಚಮನ್. ಇವೆರಡು ಮುಚ್ಚಿದರೆ ದೇಶದ ಉಸಿರು ಕಟ್ಟಿದಂತೆಯೇ. ಸುಮಾರು ಐದು ತಿಂಗಳು ಈ ಕಷ್ಟ ನಡೆಯಿತು. ಈಜಿಪ್ತ, ಸೌದಿ ಅರೇಬಿಯ, ತುರ್ಕಿ ಮೊದಲಾದ ದೇಶಗಳು ಮಧ್ಯಸ್ಥಿಕೆಗೆ ಬಂದವು. ಕೊನೆಗೆ ಸೆಪ್ಟೆಂಬರಿನಲ್ಲಿ ಕಾಬೂಲಿನ ದೂತಾವಾಸದ ಮೇಲೆ ಪಾಕಿಸ್ತಾನದ ಧ್ವಜವನ್ನು ಗೌರವದಿಂದ ಪುನಃ ಏರಿಸಿದ ಮೇಲೆ ದಾರಿ ತೆರೆಯಿತು.

ಆ ಐದು ತಿಂಗಳ ಅವಕಾಶವನ್ನು ಉಪಯೋಗಿಸಿಕೊಂಡವರು ಬೇರೆಯವರು. ಜೂನಿನಲ್ಲಿ ಆಫ್ಘಾನಿಸ್ತಾನವು ತನ್ನ ಸರಕನ್ನು ಸೋವಿಯತ್ ನಾಡಿನ ಮೂಲಕ ಸಾಗಿಸುವ ಒಪ್ಪಂದ ಮಾಡಿಕೊಂಡಿತು. ಡಿಸೆಂಬರಿನಲ್ಲಿ, ಭಾರತದ ಪ್ರವಾಸ ಮುಗಿಸಿ ಹೊರಟ ಬುಲ್ಗಾನಿನ್ ಮತ್ತು ಕ್ರುಶ್ಚೇವ್ ಕಾಬೂಲಿಗೆ ಹೋಗಿ 10 ಕೋಟಿ ಡಾಲರು ಸಾಲದ ಭರವಸೆಯಿತ್ತರು. ಪಕ್ಕದ ಮನೆಯ ಬಾಗಿಲು ಮುಚ್ಚಿದರೆ ಮನುಷ್ಯ ಹಿತ್ತಲ ಬಾಗಿಲನ್ನು ಹುಡುಕುತ್ತಾನೆ; ಹಿತ್ತಲಿನಿಂದ ಬಂದವನು ಮುಂದೆ ಮನೆಯಲ್ಲೇ ಕುಳಿತಾನು ಎಂಬ ಯೋಚನೆ ಆಗ ಇರುವುದಿಲ್ಲ.

ದ್ರಾಕ್ಷಿ ಕೊಳೆತ ವರ್ಷ, 1961

ನಿಜವಾದ ಕಡಿತ ಆದದ್ದು 1961ರಲ್ಲಿ. 1960ರ ಸೆಪ್ಟೆಂಬರಿನಲ್ಲಿ ಗಡಿಯಂಚಿನ ಬಾಜೌರ್ ಪ್ರದೇಶದೊಳಕ್ಕೆ ಆಫ್ಘಾನಿಸ್ತಾನದ ಕಡೆಯ ಪಡೆಗಳು ನುಗ್ಗಿ, ಸೋತು ಹಿಂದಿರುಗಿದ್ದವು. 1961ರ ಆಗಸ್ಟಿನಲ್ಲಿ ಪಾಕಿಸ್ತಾನವು ಆಫ್ಘಾನಿಸ್ತಾನದಲ್ಲಿದ್ದ ತನ್ನ ಕಾನ್ಸಲೇಟುಗಳನ್ನೂ ವ್ಯಾಪಾರ ಕಚೇರಿಗಳನ್ನೂ ಮುಚ್ಚುವುದಾಗಿ ಹೇಳಿ, ‘ನಿಮ್ಮವನ್ನೂ ನಮ್ಮ ನೆಲದಲ್ಲಿ ಮುಚ್ಚಿರಿ’ ಎಂದಿತು. ಆ ಕಚೇರಿಗಳಲ್ಲಿ ಕುಳಿತು ಪಷ್ತೂನಿಸ್ತಾನದ ಪ್ರಚಾರ ಮಾಡುತ್ತಾರೆಂಬುದು ಅದರ ದೂರು. ಕಾಬೂಲು ಗಡುವು ಕೊಟ್ಟಿತು: ಈ ಆಜ್ಞೆ ಹಿಂದಕ್ಕೆ ಹೋಗದಿದ್ದರೆ ಸಂಬಂಧವೇ ಬೇಡ. ಆಜ್ಞೆ ಹಿಂದಕ್ಕೆ ಹೋಗಲಿಲ್ಲ. ಸೆಪ್ಟೆಂಬರ್ 6ರಂದು ಎರಡು ದೇಶಗಳ ರಾಯಭಾರ ಸಂಬಂಧ ಕಡಿಯಿತು, ಗಡಿ ಮುಚ್ಚಿತು.

ಗಡಿಯನ್ನು ಮುಚ್ಚಿದ ತಿಂಗಳು ಯಾವುದು ನೋಡಿ. ಸೆಪ್ಟೆಂಬರ್ ಎಂದರೆ ಕಂದಹಾರ, ಕಾಬೂಲುಗಳ ತೋಟಗಳಲ್ಲಿ ದ್ರಾಕ್ಷಿ, ದಾಳಿಂಬೆ, ಕರಬೂಜಗಳು ಮಾಗಿ ಲಾರಿಗೆ ಏರುವ ಕಾಲ. ಆ ಹಣ್ಣಿನ ಪೇಟೆಗಳು ಪಾಕಿಸ್ತಾನ ಮತ್ತು ಭಾರತ. ವರ್ಷವಿಡೀ ದುಡಿದ ತೋಟಗಾರನ ಕಣ್ಣೆದುರಿಗೇ ಫಲ ಕೊಳೆಯುವ ಹಾಗಾಯಿತು. ಸೋವಿಯತ್ ವಿಮಾನಗಳು ಒಂದಷ್ಟು ಹಣ್ಣನ್ನು ಹೊತ್ತು ಒಯ್ದವು. ಆಫ್ಘಾನರ ‘ಆರಿಯಾನಾ’ ವಿಮಾನಗಳು ಒಂದಷ್ಟನ್ನು ಭಾರತಕ್ಕೆ ತಂದವು. ಲಾರಿಯಲ್ಲಿ ಹೋಗುವ ಸರಕನ್ನು ವಿಮಾನದಲ್ಲಿ ಕಳುಹಿಸಿದರೆ ಖರ್ಚೆಷ್ಟು, ಲಾಭವೆಷ್ಟು ಎಂಬುದನ್ನು ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ.

ಕಷ್ಟ ತೋಟಗಾರನಲ್ಲಿಗೇ ನಿಲ್ಲಲಿಲ್ಲ. ಆಫ್ಘಾನ್ ಸರಕಾರದ ಬೊಕ್ಕಸಕ್ಕೆ ದೊಡ್ಡ ಆದಾಯ ಸುಂಕದಿಂದ ಬರುತ್ತಿತ್ತು, ಅದು ಕುಸಿಯಿತು. ಅಮೆರಿಕದ ಸಹಾಯದಿಂದ ನಡೆಯುತ್ತಿದ್ದ ರಸ್ತೆ ಮೊದಲಾದ ಕಾಮಗಾರಿಗಳ ಸಾಮಾನು ಪಾಕಿಸ್ತಾನದಲ್ಲೇ ನಿಂತುಹೋಯಿತು. ಪಾಕಿಸ್ತಾನದ ಕಡೆಯೂ ನಷ್ಟವಿಲ್ಲದಿರಲಿಲ್ಲ. ಪೇಷಾವರದ ಮಂಡಿಗಳವರು, ಲಾರಿ ಮಾಲೀಕರು, ಚಾಲಕರು, ಹಮಾಲರು ಕೈಕಟ್ಟಿ ಕುಳಿತರು.

ಎಲ್ಲರಿಗಿಂತ ಹೆಚ್ಚಿಗೆ ನೊಂದವರು ಪೊವಿಂದರು. ಇವರು ಆಡು, ಕುರಿ, ಒಂಟೆಗಳೊಡನೆ ಅಲೆಯುವ ಜನ. ಚಳಿಗಾಲ ಬಂತೆಂದರೆ ಆಫ್ಘಾನ್ ಬೆಟ್ಟಗಳನ್ನಿಳಿದು ಸಿಂಧೂ ನದಿಯ ಬಯಲಿಗೆ ಬಂದು, ಕೂಲಿ ಮಾಡಿ, ಸಣ್ಣಪುಟ್ಟ ವ್ಯಾಪಾರ ಮಾಡಿ, ಬೇಸಗೆಗೆ ಮರಳಿ ಬೆಟ್ಟ ಹತ್ತುವುದು ಇವರ ತಲೆತಲಾಂತರದ ಬದುಕು. ಡ್ಯುರಾಂಡ್ ಗೆರೆ ಎಳೆಯುವುದಕ್ಕೂ ಎಷ್ಟೋ ಕಾಲ ಮೊದಲಿನಿಂದ ನಡೆದುಬಂದ ದಾರಿ ಅದು. ಈಗ ಪಾಕಿಸ್ತಾನವು ಅವರಿಂದ ಪಾಸ್‌ಪೋರ್ಟು, ವೀಸಾಗಳನ್ನು ಕೇಳಿತು. ಗುಡಾರವೇ ಮನೆಯಾದವನು ಪಾಸ್‌ಪೋರ್ಟನ್ನು ಎಲ್ಲಿಂದ ತಂದಾನು? ದುಡಿಮೆಗಾಗಿ ಊರು ಬಿಟ್ಟು ಬಂದ ನಾವು ಇದನ್ನು ಓದುವಾಗ ಒಂದು ಕ್ಷಣ ನಿಲ್ಲಬೇಕು. ನಮಗೆ ಹಬ್ಬಕ್ಕೋ, ಮನೆಯಲ್ಲಿ ಕಾಯಿಲೆಯೆಂದು ತಿಳಿದಾಗಲೋ, ರೈಲಿನ ಟಿಕೆಟಿಗೆ ಹಣ ಹೊಂದಿಸುವುದೊಂದೇ ಚಿಂತೆ. ದಾರಿಯಲ್ಲಿ ನಿಲ್ಲಿಸಿ ‘ನೀನು ಯಾರು, ಯಾರ ಅಪ್ಪಣೆಯಿಂದ ಬಂದೆ’ ಎನ್ನುವವರಿಲ್ಲ. ಈ ಸೌಭಾಗ್ಯ ಸಣ್ಣದಲ್ಲ.

ಅಮೆರಿಕದ ಅಧ್ಯಕ್ಷ ಕೆನೆಡಿ 1961ರ ಕೊನೆಯಲ್ಲಿ ಲಿವಿಂಗ್‌ಸ್ಟನ್ ಮರ್ಚೆಂಟ್ ಎಂಬ ದೂತನನ್ನು ಸಂಧಾನಕ್ಕೆ ಕಳುಹಿಸಿದರು. ಅವನು ಬರಿಗೈಯಲ್ಲಿ ಮರಳಿದ. ಎರಡೂ ಕಡೆಯವರು ಮಾನದ ಪ್ರಶ್ನೆ ಮಾಡಿಕೊಂಡಿದ್ದರು. ಮಾನದ ಪ್ರಶ್ನೆಯಾದ ಮೇಲೆ ಸೋಲದೆ ಸೋಲುವ ಒಂದು ದಾರಿ ಬೇಕು. ಆ ದಾರಿ 1963ರ ಮಾರ್ಚಿನಲ್ಲಿ ತೆರೆಯಿತು: ದಾವೂದ್ ಖಾನ್ ಪ್ರಧಾನಿ ಪದವಿಯನ್ನು ಬಿಟ್ಟುಕೊಟ್ಟರು, ರಾಜಮನೆತನದ ಹೊರಗಿನ ಡಾಕ್ಟರ್ ಮಹಮ್ಮದ್ ಯೂಸುಫ್ ಪ್ರಧಾನಿಯಾದರು. ಹಟ ಹಿಡಿದ ಮನುಷ್ಯ ಬದಿಗೆ ಸರಿದಾಗ ಹೊಸಬನಿಗೆ ಮಾತು ತೆಗೆಯುವುದು ಸುಲಭ. ಇರಾನಿನ ಶಹಾ ನಡುವೆ ನಿಂತರು. 1963ರ ಮೇ ತಿಂಗಳ ಕೊನೆಗೆ ತೆಹರಾನಿನಲ್ಲಿ ಒಪ್ಪಂದವಾಗಿ ದೂತಾವಾಸಗಳೂ ಕಾನ್ಸಲೇಟುಗಳೂ ಪುನಃ ತೆರೆಯುವುದೆಂದು ತೀರ್ಮಾನವಾಯಿತು. ಆ ಬೇಸಗೆಯಲ್ಲಿ ಲಾರಿಗಳು ಮತ್ತೆ ಖೈಬರ್ ದಾಟಿದವು.

ಗಮನಿಸತಕ್ಕದ್ದೊಂದಿದೆ. ತೆಹರಾನಿನಲ್ಲಿ ಯಾರೂ ತಮ್ಮ ವಾದವನ್ನು ಬಿಟ್ಟುಕೊಡಲಿಲ್ಲ. ಡ್ಯುರಾಂಡ್ ರೇಖೆಯನ್ನು ಆಫ್ಘಾನರು ಒಪ್ಪಲಿಲ್ಲ. ಪಷ್ತೂನಿಸ್ತಾನವನ್ನು ಪಾಕಿಸ್ತಾನ ಒಪ್ಪಲಿಲ್ಲ. ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ದಾರಿಯನ್ನಷ್ಟೇ ತೆರೆದರು. ಇದನ್ನು ಕೆಲವರು ಅರೆಬರೆ ಕೆಲಸವೆಂದಾರು. ನಮ್ಮ ಮತದಲ್ಲಿ ರಾಯಭಾರದ ಮುಖ್ಯ ವಿದ್ಯೆ ಇದೇ. ಬಗೆಹರಿಯದ ವ್ಯಾಜ್ಯವಿದ್ದರೂ ನಡುವಿನ ಬಾವಿಯ ನೀರನ್ನು ಇಬ್ಬರೂ ಸೇದುವ ಹಾಗೆ ಮಾಡಿದರೆ ಅದು ಸಣ್ಣ ಕೆಲಸವಲ್ಲ.

1965ರಲ್ಲಿ ಸಾರಿಗೆ ವ್ಯಾಪಾರದ ಒಪ್ಪಂದವೂ ಆಯಿತು. ಆಫ್ಘಾನಿಸ್ತಾನಕ್ಕೆ ಹೋಗುವ ಸರಕಿಗೆ ಪಾಕಿಸ್ತಾನದ ನೆಲದಲ್ಲಿ ದಾರಿ ಸಿಕ್ಕಿತು. ಅದೇ ವರ್ಷ ಮತ್ತು 1971ರಲ್ಲಿ ಭಾರತ–ಪಾಕಿಸ್ತಾನ ಯುದ್ಧಗಳಾದಾಗ ಆಫ್ಘಾನಿಸ್ತಾನವು ಪಾಕಿಸ್ತಾನದ ಬೆನ್ನಿಗೆ ಇರಿಯಲಿಲ್ಲ, ತಟಸ್ಥವಾಗಿ ಉಳಿಯಿತು. 1973ರಲ್ಲಿ ಅರಸೊತ್ತಿಗೆಯನ್ನು ಕಿತ್ತು ಅಧಿಕಾರಕ್ಕೆ ಮರಳಿದ ಅದೇ ದಾವೂದ್ ಖಾನರೂ 1976ರಲ್ಲಿ ಭುಟ್ಟೋ ಅವರನ್ನು ಕಾಬೂಲಿಗೆ ಬರಮಾಡಿಕೊಂಡು, ತಾವೂ ಪಾಕಿಸ್ತಾನಕ್ಕೆ ಹೋಗಿಬಂದರು. ಒಪ್ಪಂದ ಹತ್ತಿರ ಬಂತೆನ್ನುವಾಗ 1978ರ ಏಪ್ರಿಲಿನ ಕ್ರಾಂತಿಯಲ್ಲಿ ದಾವೂದ್ ಖಾನ್ ಕೊಲೆಯಾದರು.

ಒಂದೇ ಊರು, ಬೇರೆ ಬೇರೆ ಕೋಣೆ

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಹೊಕ್ಕಿತು. ಮೂವತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಪಾಕಿಸ್ತಾನಕ್ಕೆ ಬಂದರು. ಪಾಕಿಸ್ತಾನವು ಅವರಿಗೆ ಆಶ್ರಯ ಕೊಟ್ಟಿತೆಂಬುದೂ ನಿಜ. ಅಮೆರಿಕ ಮೊದಲಾದ ದೇಶಗಳ ಆಯುಧ ತನ್ನ ನೆಲದಿಂದ ಹೋರಾಟಗಾರರ ಕೈ ಸೇರಲು ಬಿಟ್ಟಿತೆಂಬುದೂ ನಿಜ.

ಪಾಕಿಸ್ತಾನವು ಕಾಬೂಲಿನ ಹೊಸ ಸರಕಾರಕ್ಕೆ ಮನ್ನಣೆ ಕೊಟ್ಟಿರಲಿಲ್ಲ. ಮನ್ನಣೆಯಿಲ್ಲದವನ ಎದುರು ಕುಳಿತರೆ ಮನ್ನಣೆ ಕೊಟ್ಟಂತಾಗುತ್ತದಲ್ಲ! ಹಾಗಾಗಿ 1982ರಿಂದ ಜಿನೀವಾದಲ್ಲಿ ನಡೆದ ಮಾತುಕತೆಯಲ್ಲಿ ಇಬ್ಬರೂ ಮುಖಾಮುಖಿ ಕೂಡಲಿಲ್ಲ. ವಿಶ್ವಸಂಸ್ಥೆಯ ಪ್ರತಿನಿಧಿ ದಿಯೆಗೋ ಕೊರ್ದೊವೆಸ್ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಒಯ್ಯುತ್ತಿದ್ದರು. ಆರು ವರ್ಷ ಹೀಗೆ ನಡೆಯಿತು. 1988ರ ಏಪ್ರಿಲ್ 14ರಂದು ಆಫ್ಘಾನಿಸ್ತಾನ, ಪಾಕಿಸ್ತಾನಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕ, ಸೋವಿಯತ್ ಒಕ್ಕೂಟಗಳು ಜಾಮೀನು ನಿಂತವು. 1989ರ ಫೆಬ್ರವರಿ 15ಕ್ಕೆ ಸೋವಿಯತ್ ಸೇನೆ ಪೂರ್ತಿ ಹೊರಟಿತು. ಸೇನೆ ಹೋಯಿತು, ಆಫ್ಘಾನರ ಅಂತಃಕಲಹ ಹೋಗಲಿಲ್ಲ. ಒಪ್ಪಂದದಿಂದ ಹೊರಗುಳಿದ ಹೋರಾಟಗಾರರು ಅದಕ್ಕೆ ಕಟ್ಟುಬೀಳಲಿಲ್ಲ.

ಒಪ್ಪಂದಕ್ಕೆ ಕೆಲವೇ ತಿಂಗಳ ಮೊದಲು, 1988ರ ಜನವರಿ 20ರಂದು, ಬಾದಷಹಾ ಖಾನ್ ಎಂದು ಹೆಸರಾದ ಖಾನ್ ಅಬ್ದುಲ್ ಗಫಾರ್ ಖಾನರು ಪೇಷಾವರದಲ್ಲಿ ತೀರಿಕೊಂಡರು. ಹಿಂದಿನ ವರ್ಷವಷ್ಟೇ ನಮ್ಮ ದೇಶ ಅವರಿಗೆ ಭಾರತರತ್ನವನ್ನಿತ್ತಿತ್ತು. ತಮ್ಮ ದೇಹವನ್ನು ಗಡಿಯಾಚೆ ಜಲಾಲಾಬಾದಿನಲ್ಲಿ ಮಣ್ಣು ಮಾಡಬೇಕೆಂಬುದು ಅವರ ಇಚ್ಛೆ. ಆ ಮೆರವಣಿಗೆಗಾಗಿ ಗುಂಡಿನ ಸದ್ದು ತಾತ್ಕಾಲಿಕವಾಗಿ ನಿಲ್ಲುವುದೆಂದು ಸಾರಲಾಯಿತು. ಸಾವಿರಾರು ಜನ ಖೈಬರ್ ದಾಟಿ ಹೋದರು. ಅಲ್ಲಿಯೂ ಬಾಂಬು ಸಿಡಿದು ಹಲವರು ಸತ್ತರೆಂಬುದು ದುಃಖದ ಸಂಗತಿ. ಆದರೂ ರಾಯಭಾರಿಗಳ ಕೈಯಲ್ಲಿ ಆಗದಿದ್ದುದನ್ನು ಅಹಿಂಸಾವ್ರತಿಯಾದ ಒಬ್ಬ ಮುದುಕನ ಶವ ಒಂದು ದಿನದ ಮಟ್ಟಿಗೆ ಮಾಡಿತು.

ಮನ್ನಣೆಯ ಆಟ

1995ರ ಸೆಪ್ಟೆಂಬರಿನಲ್ಲಿ ತಾಲಿಬಾನರು ಹೆರಾತ್ ನಗರವನ್ನು ಹಿಡಿದರು. ಪಾಕಿಸ್ತಾನವೇ ಇದರ ಹಿಂದೆ ಇದೆಯೆಂದು ಸಿಟ್ಟಾದ ಗುಂಪು ಕಾಬೂಲಿನಲ್ಲಿ ಆ ದೇಶದ ದೂತಾವಾಸಕ್ಕೆ ನುಗ್ಗಿತು. ಸಿಬ್ಬಂದಿಯೊಬ್ಬನು ಸತ್ತನು, ರಾಯಭಾರಿ ಗಾಯಗೊಂಡರು. ವಿಯೆನ್ನಾ ಒಪ್ಪಂದ ಕಾಗದದಲ್ಲೇ ಉಳಿಯಿತು.

1996ರಲ್ಲಿ ಕಾಬೂಲು ತಾಲಿಬಾನರ ವಶವಾಯಿತು. 1997ರ ಮೇ ತಿಂಗಳಲ್ಲಿ ಪಾಕಿಸ್ತಾನ ಅವರಿಗೆ ಮನ್ನಣೆ ಕೊಟ್ಟಿತು. ಇಡೀ ಜಗತ್ತಿನಲ್ಲಿ ಹಾಗೆ ಮನ್ನಣೆ ಕೊಟ್ಟವರು ಮೂವರೇ: ಪಾಕಿಸ್ತಾನ, ಸೌದಿ ಅರೇಬಿಯ, ಅರಬ್ ಎಮಿರೇಟುಗಳು. 2001ರಲ್ಲಿ ಅಮೆರಿಕದ ಮೇಲಿನ ದಾಳಿಯಾದ ಮೇಲೆ ಮೂವರೂ ಹಿಂತೆಗೆದುಕೊಂಡರು. ಕಡೆಯದಾಗಿ ನವೆಂಬರಿನಲ್ಲಿ ಇಸ್ಲಾಮಾಬಾದಿನ ತಾಲಿಬಾನ್ ದೂತಾವಾಸವೂ ಮುಚ್ಚಿತು. ಅಲ್ಲಿ ರಾಯಭಾರಿಯಾಗಿದ್ದ ಅಬ್ದುಲ್ ಸಲಾಮ್ ಜಯೀಫ್ ಅವರನ್ನು 2002ರ ಜನವರಿಯಲ್ಲಿ ಪಾಕಿಸ್ತಾನವು ಹಿಡಿದು ಅಮೆರಿಕದವರಿಗೆ ಒಪ್ಪಿಸಿತು. ಅವರು 2005ರವರೆಗೆ ಗ್ವಾಂಟಾನಾಮೋ ಸೆರೆಮನೆಯಲ್ಲಿದ್ದರು. ಕೆಲಸ ಮುಗಿದ ದೂತನಿಗೂ ಸುರಕ್ಷಿತವಾಗಿ ಮನೆ ಸೇರಲು ಕಾಲಾವಕಾಶ ಕೊಡಬೇಕೆಂಬುದು ನಿಯಮ. ತಾಲಿಬಾನರ ಆಡಳಿತವನ್ನು ಮೆಚ್ಚದವರೂ ಈ ನಿಯಮದ ಕಡೆಗೆ ನಿಲ್ಲಬೇಕಾಗುತ್ತದೆ. ಏಕೆಂದರೆ ಇಂದು ಅವರ ದೂತನಿಗೆ ಆದದ್ದು ನಾಳೆ ಯಾರ ದೂತನಿಗೂ ಆಗಬಹುದು.

2017ರಲ್ಲಿ ಪಾಕಿಸ್ತಾನ ಗಡಿಯುದ್ದಕ್ಕೂ ತಂತಿಬೇಲಿ ಹಾಕಲಾರಂಭಿಸಿತು. 2021ರ ಆಗಸ್ಟ್ 15ರಂದು ತಾಲಿಬಾನರು ಮತ್ತೆ ಕಾಬೂಲಿಗೆ ಬಂದರು. ತಾನು ಹಿಂದೆ ಬೆಂಬಲಿಸಿದವರು ಗಡಿಯನ್ನು ಒಪ್ಪಿಯಾರೆಂದು ಪಾಕಿಸ್ತಾನ ಎಣಿಸಿದ್ದರೆ ಆ ಎಣಿಕೆ ಹುಸಿಯಾಯಿತು. ಅರಸ ಜಹೀರ್ ಷಹಾನ ಸರಕಾರ, ದಾವೂದರ ಗಣರಾಜ್ಯ, ಕಮ್ಯುನಿಸ್ಟರು, ತಾಲಿಬಾನರು, ಇವರು ಬೇರಾವುದರಲ್ಲೂ ಒಂದಾಗದವರು. ಡ್ಯುರಾಂಡ್ ರೇಖೆಯನ್ನು ಒಪ್ಪದಿರುವುದರಲ್ಲಿ ಮಾತ್ರ ಒಂದೇ. ಇತ್ತ ತನ್ನ ಮೇಲೆ ದಾಳಿ ಮಾಡುವ ಪಾಕಿಸ್ತಾನೀ ತಾಲಿಬಾನರಿಗೆ ಆಫ್ಘಾನ್ ನೆಲದಲ್ಲಿ ಆಸರೆಯಿದೆಯೆಂದು ಪಾಕಿಸ್ತಾನ ದೂರಿತು, ಕಾಬೂಲು ಅಲ್ಲಗಳೆಯಿತು. 2023ರ ಅಕ್ಟೋಬರಿನಲ್ಲಿ, ಕಾಗದಪತ್ರವಿಲ್ಲದ ವಿದೇಶೀಯರು ನವೆಂಬರ್ 1ರೊಳಗೆ ದೇಶ ಬಿಡಬೇಕೆಂದು ಪಾಕಿಸ್ತಾನ ಆಜ್ಞೆ ಮಾಡಿತು. ಕೆಲವೇ ತಿಂಗಳುಗಳಲ್ಲಿ ಐದು ಲಕ್ಷಕ್ಕಿಂತ ಹೆಚ್ಚು ಆಫ್ಘಾನರು ಗಡಿ ದಾಟಿದರು. ಅವರಲ್ಲಿ ಅನೇಕರು ಪಾಕಿಸ್ತಾನದಲ್ಲೇ ಹುಟ್ಟಿ, ಅಲ್ಲೇ ದುಡಿದು, ಕಾಬೂಲನ್ನು ಕಣ್ಣಿನಿಂದ ಕಾಣದವರು.

2025ರ ಒಂದೇ ವರ್ಷದಲ್ಲಿ ಎಷ್ಟು ಏರಿಳಿತ ನೋಡಿ. ಮೇ ತಿಂಗಳಲ್ಲಿ ಪಾಕಿಸ್ತಾನವು ಕಾಬೂಲಿನಲ್ಲಿದ್ದ ತನ್ನ ಹಂಗಾಮಿ ಅಧಿಕಾರಿಯ ಸ್ಥಾನವನ್ನು ರಾಯಭಾರಿಯ ದರ್ಜೆಗೆ ಏರಿಸುವುದಾಗಿ ಪ್ರಕಟಿಸಿತು. ಅಕ್ಟೋಬರಿನಲ್ಲಿ ಗಡಿಯಲ್ಲಿ ಭಾರಿ ಕಾಳಗವಾಯಿತು. ಆ ತಿಂಗಳ 19ರಂದು ಕತಾರ್ ಮತ್ತು ತುರ್ಕಿಗಳ ಮಧ್ಯಸ್ಥಿಕೆಯಿಂದ ದೋಹಾದಲ್ಲಿ ಕದನವಿರಾಮವಾಯಿತು. ಬಾಗಿಲುಗಳು ಮುಚ್ಚಿದ್ದರಿಂದ ಆಫ್ಘಾನ್ ಹಣ್ಣಿನ ಲಾರಿಗಳು ನಿಂತವು. ಪಾಕಿಸ್ತಾನದ ಪೇಟೆಗಳಲ್ಲಿ ಟೊಮೇಟೊ ಬೆಲೆ ಗಗನಕ್ಕೇರಿತು. 1961ರ ಕತೆ ಅರುವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ನಡೆಯಿತು. ಅದೇ ಅಕ್ಟೋಬರಿನಲ್ಲಿ ನಮ್ಮ ಭಾರತವೂ ಕಾಬೂಲಿನ ತನ್ನ ಕಚೇರಿಯನ್ನು ದೂತಾವಾಸದ ದರ್ಜೆಗೇರಿಸುವುದಾಗಿ ಹೇಳಿತು. ಪಾಕಿಸ್ತಾನದ ಆ ತೀರ್ಮಾನದೊಡನಾಗಲಿ, ಭಾರತದ ಈ ತೀರ್ಮಾನದೊಡನಾಗಲಿ ವಿಧಿವತ್ತಾದ ಮನ್ನಣೆಯ ಘೋಷಣೆ ಬರಲಿಲ್ಲ. ಮನ್ನಣೆ ಬೇರೆ, ವ್ಯವಹಾರ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ನಾವು ಕಲಿಯಬೇಕಾದದ್ದು

ಮೊದಲನೆಯದಾಗಿ, ರಾಜ್ಯಗಳು ನಡೆಯುವುದು ನೆಲ, ನೀರು, ದಾರಿ, ಭಯ, ಮಾನಗಳ ಲೆಕ್ಕದಲ್ಲಿ. ಧರ್ಮ ಒಂದಾದ ಮಾತ್ರಕ್ಕೆ ಈ ಲೆಕ್ಕ ಅಳಿಯುವುದಿಲ್ಲ. ‘ಅವರೆಲ್ಲ ಒಂದು’ ಎಂದು ಯಾರಾದರೂ ಚಾಳಿನ ಕಟ್ಟೆಯ ಮೇಲೆ ಕುಳಿತು ಹೇಳಿದರೆ, 1947ರ ಆ ಒಂಟಿ ಮತವನ್ನು ನೆನಪಿಸಿರಿ. ದೂರದ ಸರಕಾರಗಳ ಜಗಳವನ್ನು ನಮ್ಮ ಓಣಿಯ ನೆರೆಯವನ ತಲೆಗೆ ಕಟ್ಟುವುದು ತಿಳಿವಳಿಕೆಯ ಮಾತಲ್ಲ, ನ್ಯಾಯದ ಮಾತೂ ಅಲ್ಲ.

ಎರಡನೆಯದಾಗಿ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಿದೆ. ಗಡಿ ಮುಚ್ಚಿದಾಗ ಮಂತ್ರಿಯ ಊಟ ನಿಲ್ಲಲಿಲ್ಲ. ತೋಟಗಾರ, ಲಾರಿ ಚಾಲಕ, ಹಮಾಲ, ಪೊವಿಂದ, ನಿರಾಶ್ರಿತ ಇವರ ಊಟ ನಿಂತಿತು.

ಮೂರನೆಯದಾಗಿ, 1955ರಲ್ಲಿ, 1963ರಲ್ಲಿ, 1988ರಲ್ಲಿ, 2025ರಲ್ಲಿ ಸಂಧಾನಕ್ಕೆ ಮೂರನೆಯವರು ಬೇಕಾದರು. ನೇರವಾಗಿ ಆಡಬಹುದಾಗಿದ್ದ ಮಾತನ್ನು ಬಾಡಿಗೆ ಬಾಯಿಯಿಂದ ಆಡಿಸಬೇಕಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಈ ಚರಿತ್ರೆ ನೋಡಿದರೆ, ಜಗಳವಿದ್ದರೂ ಮಾತು ಬಿಡಬಾರದೆಂದು ಅದಕ್ಕೆ ಸೇರಿಸಬೇಕೆನಿಸುತ್ತದೆ.

ವಾಚಕ ಬಂಧುಗಳು ವಾಚನಾಲಯದ ಭೂಪಟವನ್ನು ತೆರೆದು ಕಾಬೂಲು, ಜಲಾಲಾಬಾದು, ತೋರ್ಖಮ್, ಪೇಷಾವರ, ಕಂದಹಾರ, ಚಮನ್, ಕರಾಚಿಗಳನ್ನು ಬೆರಳಿಟ್ಟು ಗುರುತಿಸಬೇಕೆಂದು ಕೋರುತ್ತೇವೆ. ಆಮೇಲೆ ಈ ಪ್ರಶ್ನೆಗಳನ್ನು ತಮ್ಮ ತಮ್ಮಲ್ಲಿ ಚರ್ಚಿಸಲಿ:

1. ದೂತಾವಾಸಕ್ಕೂ ಕಾನ್ಸಲೇಟಿಗೂ ಏನು ವ್ಯತ್ಯಾಸ? ದುಡಿಯಲು ಪರದೇಶಕ್ಕೆ ಹೋದವನಿಗೆ ಯಾವುದು ಹೆಚ್ಚು ಅಗತ್ಯ?
2. ಸಮುದ್ರವಿಲ್ಲದ ದೇಶಕ್ಕೆ ನೆರೆಯವರ ಸ್ನೇಹ ಏಕೆ ಅಷ್ಟು ಮುಖ್ಯ?
3. 1963ರ ತೆಹರಾನ್ ಒಪ್ಪಂದವು ಮೂಲ ವ್ಯಾಜ್ಯವನ್ನು ಬಿಡಿಸಲಿಲ್ಲ. ಆದರೂ ಅದು ಒಳ್ಳೆಯ ಒಪ್ಪಂದವೇ? ಕಾರಣ ಕೊಡಿ.
4. ನಾವು ಮೆಚ್ಚದ ಸರಕಾರದೊಡನೆ ವ್ಯವಹಾರ ಇಟ್ಟುಕೊಳ್ಳುವುದು ಸರಿಯೇ? ಇಟ್ಟುಕೊಳ್ಳದಿದ್ದರೆ ಕಷ್ಟಕ್ಕೆ ಸಿಕ್ಕುವವರು ಯಾರು?